ದೋಣಿಯಿಂದ ಕಾಣುವ ಹಾಗೆ ಒಂದು ಮನೆ

ಸಾನ್ವಿ, ಪ್ರಣಮ್,

ಕಳೆದ ರಜೆಯಲ್ಲಿ ಬಂದಿದ್ದಾಗ ನನ್ನ ಮಂಚದ ಮೇಲಿನ ಗೋಡೆಯ ಫೋಟೊ ನೋಡಿ ಪ್ರಣಮ್ ಕೇಳಿದ, "ಅಜ್ಜಿ, ನೀವು ಮದುವೆ ಫೋಟೊ ತೆಗೀತಿದ್ದದ್ದಲ್ವಾ? ಇದ್ರಲ್ಲಿ ಜನವೇ ಇಲ್ಲ." ಸಾನ್ವಿ ಹತ್ತಿರ ಹೋಗಿ ನೋಡಿ, ಕಿಟಕಿಯ ಹತ್ತಿರ ಎಂತದೋ ಗೆರೆ ಬಿದ್ದಿದೆ, ಪ್ರಿಂಟ್ ಹಾಳಾಗಿದೆ ಎಂದಳು. ನಾನು ನಕ್ಕು ಸುಮ್ಮನಾದೆ. ಬೇಕಾದ ಹೊತ್ತಿಗೆ ನನಗೆ ಮಾತು ಬರುವುದಿಲ್ಲ, ನಿಮಗೆ ಗೊತ್ತಿದೆ. ವಾಮಂಜೂರಿನ ಆಚೆಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಕನ್ನಡ ಕೈಯಲ್ಲಿ ಉಳಿದಿದೆ. ಅದಕ್ಕೇ ಬರೆಯುತ್ತಿದ್ದೇನೆ. ಮಾತುಗಳೆಲ್ಲ ನಡೆದದ್ದು ಹೆಚ್ಚಾಗಿ ತುಳುವಿನಲ್ಲಿ. ನಿಮಗೆ ಓದಲು ಸುಲಭವಾಗಲಿ ಎಂದು ಕನ್ನಡದಲ್ಲಿ ಹಾಕಿದ್ದೇನೆ.

ನಿಮ್ಮ ಅಜ್ಜ ಹೋದ ಮೇಲೆ ಉರ್ವದ ಸ್ಟುಡಿಯೊ ಅವರ ಶಿಷ್ಯನ ಕೈಗೆ ಬಂತು. ನಾನು ಅವನ ಜೊತೆ ಮದುವೆಗಳಿಗೆ ಹೋಗುತ್ತಿದ್ದೆ. ನನ್ನ ಪಾಲಿನದು ಜಾಗದ ಫೋಟೊ. ಆಲ್ಬಮ್ಮಿನ ಮೊದಲ ಎರಡು ಪುಟಗಳಲ್ಲಿ ಮದುಮಗಳೂ ಇರುವುದಿಲ್ಲ, ಮದುಮಗನೂ ಇರುವುದಿಲ್ಲ. ಮನೆ, ಚಪ್ಪರ, ಅಂಗಳ, ಹಾಲ್ ಇರುತ್ತವೆ. ಎಲ್ಲಿ ನಡೆಯಿತು ಎಂದು ಕಣ್ಣಿಗೆ ತಿಳಿದ ಮೇಲೆ ಮುಖಗಳು ಬರಬೇಕು ಎಂದು ನಿಮ್ಮ ಅಜ್ಜ ಹೇಳುತ್ತಿದ್ದರು. ಇಡೀ ಜಾಗವನ್ನು ಅಗಲವಾಗಿ ಹಿಡಿಯುವ ಅವರದೇ ಹಳೆಯ ವೈಡ್ ಲೆನ್ಸ್ ನನ್ನ ಕೈಯಲ್ಲಿತ್ತು.

ಈ ಕೆಲಸ ನನ್ನ ಸ್ವಭಾವಕ್ಕೆ ಸರಿಯಾಗಿತ್ತು. ನಗಿ ಎನ್ನಬೇಕಾಗಿಲ್ಲ, ಹತ್ತಿರ ಬನ್ನಿ ಎನ್ನಬೇಕಾಗಿಲ್ಲ. ದೂರ ಹೋಗಿ ನಿಲ್ಲುವುದೇ ಕೆಲಸ. ಮದರಂಗಿ ಹಚ್ಚುವಾಗ ಮಣೆಯ ಹತ್ತಿರ, ಧಾರೆ ಎರೆಯುವಾಗ ಮಂಟಪದ ಹತ್ತಿರ ನಾನು ಹೋಗುತ್ತಿರಲಿಲ್ಲ. ಬೇಡವೆಂದು ಯಾರೂ ಅಂದದ್ದಲ್ಲ. ಅನ್ನುವ ಮೊದಲೇ ನಾನು ಹಿಂದೆ ಸರಿದಿರುತ್ತಿದ್ದೆ. ಈ ಲೆನ್ಸಿಗೆ ಇಷ್ಟು ದೂರ ಬೇಕೇ ಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಆ ಮದುವೆ ಕೂಳೂರಿನ ಹತ್ತಿರ, ಹೊಳೆಯ ದಂಡೆಯ ಒಂದು ಮನೆಯದು. ಮದುಮಗಳ ತಂದೆ ಸಮುದ್ರಕ್ಕೆ ಹೋಗುತ್ತಿದ್ದವರು. ತಮ್ಮ ದೋಣಿಯ ಮುಂದಾಳು ಅವರೇ ಆದ್ದರಿಂದ ಸುತ್ತಿನವರೆಲ್ಲ ತಾಂಡೇಲರು ಎಂದೇ ಕರೆಯುತ್ತಿದ್ದರು. ಮೂರು ವರ್ಷದ ಹಿಂದೆ ಅವರಿಗೆ ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಹೋಗಿದ್ದವು. ಮಾಳಿಗೆಯ ಕೋಣೆಯಲ್ಲಿ, ಹೊಳೆಯ ಕಡೆಯ ಕಿಟಕಿಯ ಪಕ್ಕ, ತಲೆದಿಂಬಿನ ಹತ್ತಿರ ದೋಣಿಯ ಹಳೆಯ ಟಾರ್ಚು ಇಟ್ಟುಕೊಂಡು ಮಲಗಿಯೇ ಇರುತ್ತಿದ್ದರು. ಮದುವೆಯ ಹಿಂದಿನ ಸಂಜೆ ಮದರಂಗಿ. ಅದಕ್ಕೆ ಐದು ದಿನ ಮೊದಲು ಜಾಗ ನೋಡಲು ಹೋದಾಗ ಅವರ ಹೆಂಡತಿ ನನ್ನನ್ನು ಬಾಗಿಲಲ್ಲಿ ತಡೆದು ಮೆಲ್ಲಗೆ ಹೇಳಿದರು: ಮದುವೆಯ ಹಾಲಿಗೆ ಕುರ್ಚಿಯಲ್ಲಿ ಕೂರಿಸಿಕೊಂಡು ಹೋಗುತ್ತೇವೆ ಎಂದರೂ ಅವರು ಬರುವುದಿಲ್ಲವಂತೆ. ನಾಲ್ಕು ಜನ ಎತ್ತಿಕೊಂಡು ಬರುವುದನ್ನು ಬೀಗರು ನೋಡುವುದು ಬೇಡವಂತೆ. ಈ ಮೂರು ವರ್ಷದಲ್ಲಿ ಏನನ್ನೂ ಕೇಳದವರು ಫೋಟೊದವರನ್ನು ಮಾತ್ರ ಮೇಲೆ ಕಳುಹಿಸು ಎಂದಿದ್ದಾರಂತೆ.

ಸ್ಟುಡಿಯೊದ ಯಜಮಾನ, ಅಂದರೆ ಅಜ್ಜನ ಆ ಶಿಷ್ಯ, ನನ್ನ ಜೊತೆ ಮಾಳಿಗೆಗೆ ಬಂದ. ಬಂದರು, ವಿಮಾನ ನಿಲ್ದಾಣ ಎರಡೂ ಹತ್ತಿರವಾದ್ದರಿಂದ ಇಲ್ಲಿ ಡ್ರೋನ್ ಹಾರಿಸಲು ಆಗುವುದಿಲ್ಲ, ಇಲ್ಲದಿದ್ದರೆ ಮೇಲಿನಿಂದ ಚಂದ ತೆಗೆಯಬಹುದಿತ್ತು ಎಂದು ಅವನು ವಿವರಿಸತೊಡಗಿದ. ತಾಂಡೇಲರು ಎಡಗೈ ಎತ್ತಿ ತಡೆದರು. ಅವರ ಮಾತು ತಡೆದು ತಡೆದು ಬರುತ್ತಿತ್ತು.

"ಮೇಲಿಂದ ಬೇಡ ಮಾರಾಯ. ನಾನೆಂತ ಗಿಡುಗನಾ? ದೋಣಿಯಿಂದ ಕಾಣುವ ಹಾಗೆ ಬೇಕು."

ಆಮೇಲೆ ನನ್ನ ಕಡೆ ತಿರುಗಿ ನಿಧಾನವಾಗಿ ತಿಳಿಸಿದರು. ಸಮುದ್ರದಿಂದ ಬಂದು ಸೇತುವೆಯ ಅಡಿ ದಾಟಿದರೆ ಮೊದಲು ಕಾಣುವುದು ಈ ಮನೆ. ಮೂವತ್ತು ವರ್ಷ ಅವರು ಅದನ್ನು ಹಾಗೆ ನೋಡಿಕೊಂಡೇ ಬಂದವರು. ಕತ್ತಲಾಗುವ ಹೊತ್ತಿಗೆ ಬಂದರೆ ಈ ಕಿಟಕಿಯಲ್ಲಿ ದೀಪ ಇರುತ್ತಿತ್ತು. ಈಗ ಮೂರು ವರ್ಷದಿಂದ ಕಂಡದ್ದು ಈ ಕೋಣೆಯ ಛಾವಣಿ ಮಾತ್ರ. ಮಗಳ ಮದರಂಗಿಗೆ ಮನೆ ತುಂಬ ದೀಪ ಹಾಕುತ್ತಾರೆ. ಅದು ಹೊಳೆಯಿಂದ ಹೇಗೆ ಕಾಣುತ್ತದೋ ಹಾಗೆ ಅವರಿಗೆ ನೋಡಬೇಕು. ಈ ಕಿಟಕಿಯೂ ಅದರಲ್ಲಿ ಇರಬೇಕು.

"ತೆಗೆದು ಕೊಡ್ತೇನೆ," ಎಂದೆ. ಯಜಮಾನ ನನ್ನ ಮುಖ ನೋಡಿದ. ಗಿರಾಕಿಗಳಿಗೆ ಮಾತು ಕೊಡುವುದು ಅವನ ಕೆಲಸ. ನಾನು ಹಾಗೆ ಬಾಯಿಬಿಟ್ಟದ್ದು ಅದೇ ಮೊದಲು.

ಅಂದು ಸಂಜೆಯೇ ಜಾಗ ಹುಡುಕಿದೆ. ಮನೆಯ ಎದುರು ಹೊಳೆಗೆ ಇಳಿಯಲು ಏಳು ಕಲ್ಲು ಮೆಟ್ಟಿಲು. ಹೊಳೆಯ ನಡುವೆ ಉದ್ದಕ್ಕೆ ಮರಳಿನ ದಿಣ್ಣೆ ಎದ್ದಿತ್ತು. ಅಲ್ಲಿ ನಾಲ್ಕೈದು ಹೆಂಗಸರು ಬಗ್ಗಿ ಮರುವಾಯಿ ಹೆಕ್ಕುತ್ತಿದ್ದರು. ಚಿಪ್ಪಿನೊಳಗಿನ ಮರುವಾಯಿ ನೀವು ತಿಂದದ್ದು ನೆನಪಿರಬೇಕು. ಅವರಲ್ಲಿ ಪಕ್ಕದ ಮನೆಯ ಹೆಂಗಸು ತನ್ನ ಸಣ್ಣ ದೋಣಿಯಲ್ಲಿ ನನ್ನನ್ನು ದಿಣ್ಣೆಗೆ ಕರೆದೊಯ್ದಳು. ಪಾದ ಮುಳುಗುವಷ್ಟೇ ನೀರು. ಟ್ರೈಪಾಡ್ ಇಟ್ಟೆ. ಮನೆ, ಮೆಟ್ಟಿಲು, ಕಿಟಕಿ, ಹೊಳೆಯ ಅಗಲ ಎಲ್ಲವೂ ಅಜ್ಜನ ಲೆನ್ಸಿನಲ್ಲಿ ಅಳತೆ ಮಾಡಿದ ಹಾಗೆ ಕೂತವು.

ಇಂಥ ಫೋಟೊಗೆ ಒಂದು ಹೊತ್ತಿದೆ. ಸೂರ್ಯ ಮುಳುಗಿ ಹದಿನೈದು ನಿಮಿಷಕ್ಕೆ ಆಕಾಶ ನೀಲಿಯಾಗುತ್ತದೆ. ಆಗ ಆಕಾಶದ ಬೆಳಕು, ದೀಪದ ಬೆಳಕು ಎರಡೂ ಸಮವಾಗಿರುತ್ತವೆ. ಅದಕ್ಕಿಂತ ಮೊದಲು ತೆಗೆದರೆ ದೀಪ ಮಂಕು. ಆಮೇಲೆ ತೆಗೆದರೆ ಆಕಾಶವೂ ಹೊಳೆಯೂ ಕಪ್ಪು, ಮನೆ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಸಿಗುವುದು ಹತ್ತು ಹನ್ನೆರಡು ನಿಮಿಷ. ಬೆಳಕು ಕಡಿಮೆಯಾದ್ದರಿಂದ ಕ್ಯಾಮರಾದ ಕಣ್ಣು ನಾಲ್ಕು ಸೆಕೆಂಡು ತೆರೆದಿರಬೇಕು. ಆ ನಾಲ್ಕು ಸೆಕೆಂಡು ಅದು ಕೂದಲೆಳೆಯಷ್ಟೂ ಅಲ್ಲಾಡಬಾರದು. ಆ ಸಂಜೆ ತೆಗೆದು ನೋಡಿದೆ, ಚೆನ್ನಾಗಿ ಬಂತು. ಗುರುತಿಗೆ ಆಳೆತ್ತರದ ಒಂದು ಬಿದಿರಿನ ಗೂಟ ಊರಿದೆ. ಇನ್ನು ದೀಪ ಹಾಕಿದ ದಿನ ಬಂದು ಇಲ್ಲೇ ನಿಂತರಾಯಿತು ಎಂದುಕೊಂಡೆ. ಆ ಹೆಂಗಸನ್ನು ಮಾತ್ರ ಏನನ್ನೂ ಕೇಳಲಿಲ್ಲ. ಗುರುತಿಲ್ಲದವರ ಹತ್ತಿರ ಅದು ಇದು ಕೇಳಲು ನನಗೆ ನಾಚಿಕೆ.

ಮದರಂಗಿಯ ದಿನ ಐದೂವರೆಗೆ ಹೋದೆ. ಇಡೀ ಮನೆಗೆ, ಚಪ್ಪರಕ್ಕೆ, ಮೆಟ್ಟಿಲಿನ ಬದಿಗೆ ದೀಪದ ಸರಗಳು. ಲೈಟಿನವರು ಮರುದಿನ ಬೆಳಿಗ್ಗೆಯೇ ಬಿಚ್ಚಿ ಬೇರೆ ಮದುವೆಗೆ ಒಯ್ಯುವವರು. ಅಂದರೆ ಇರುವುದು ಇದೊಂದೇ ಸಂಜೆ. ಯಜಮಾನ ಒಳಗೆ ಮದುಮಗಳ ಫೋಟೊ ತೆಗೆಯುತ್ತಿದ್ದ. ನಾನು ಟ್ರೈಪಾಡ್ ಹೊತ್ತು ದಂಡೆಗೆ ಇಳಿದೆ.

ದಿಣ್ಣೆ ಇರಲಿಲ್ಲ.

ನಾನು ತಪ್ಪು ಕಡೆ ಬಂದೆನೇನೋ ಎಂದು ಒಮ್ಮೆ ಹಿಂದೆ ತಿರುಗಿ ನೋಡಿದೆ. ಅದೇ ಮನೆ, ಅದೇ ಮೆಟ್ಟಿಲು. ಏಳು ಮೆಟ್ಟಿಲುಗಳಲ್ಲಿ ಮೇಲಿನ ಎರಡು ಮಾತ್ರ ಕಾಣುತ್ತಿದ್ದವು. ಹೊಳೆ ದಂಡೆಯಿಂದ ದಂಡೆಗೆ ತುಂಬಿತ್ತು. ನಡುವೆ ನನ್ನ ಗೂಟದ ತುದಿ ಒಂದು ಗೇಣು ಮೇಲಿತ್ತು.

ಭರತ, ಇಳಿತ ಎಂಬ ಶಬ್ದಗಳನ್ನು ಶಾಲೆಯ ಪುಸ್ತಕದಲ್ಲಿ ಓದಿದ್ದೆ. ಅವು ಸಮುದ್ರಕ್ಕೆ ಸೇರಿದವು ಎಂದುಕೊಂಡಿದ್ದೆ. ನಾನು ಹುಟ್ಟಿದ ಕಡೆ ಗದ್ದೆಯ ಬದಿಯ ತೋಡಿನ ನೀರು ಮಳೆಗೆ ಏರುತ್ತದೆ, ಬಿಸಿಲಿಗೆ ಇಳಿಯುತ್ತದೆ. ಮಳೆಯೇ ಇಲ್ಲದ ಫೆಬ್ರವರಿಯಲ್ಲಿ ಹೊಳೆ ಹೀಗೆ ತುಂಬುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಮರುವಾಯಿಯ ಹೆಂಗಸು ಮದರಂಗಿಗೆಂದು ಹೊಸ ಸೀರೆ ಉಟ್ಟು ಅಲ್ಲಿಗೇ ಬಂದಳು. ನನ್ನ ಮುಖ ನೋಡಿ, ಹೊಳೆ ನೋಡಿದಳು.

"ಎಂತ ಅಕ್ಕೆರೆ, ನೀರು ದಿನಾ ಒಂದೇ ಹೊತ್ತಿಗೆ ಇಳಿಯುದಾ? ದಿನಕ್ಕೆ ಮುಕ್ಕಾಲು ಗಂಟೆ ತಡ ಆಗ್ತದೆ. ಈಗ ಇಳಿಲಿಕ್ಕೆ ಸುರುವಾದದ್ದಷ್ಟೇ. ದಿಣ್ಣೆ ಕಾಣುವಾಗ ರಾತ್ರಿ ಹತ್ತಾದೀತು. ನನ್ನತ್ರ ಒಂದು ಮಾತು ಕೇಳ್ಬಾರ್ದಿತ್ತಾ?"

ಕೇಳಬಹುದಿತ್ತು. ಒಂದೇ ಒಂದು ಮಾತು. ಕೇಳಿದ್ದರೆ ಬೇರೆ ಜಾಗ ಹುಡುಕಲು ಐದು ದಿನ ಇತ್ತು.

ಆಗ ಗಂಟೆ ಆರರ ಹತ್ತಿರ. ಸೇತುವೆಯಿಂದಾದರೂ ಸಿಕ್ಕೀತು ಎಂದು ರಿಕ್ಷಾ ಹಿಡಿದು ಓಡಿದೆ. ಅಲ್ಲಿ ಬದಿಯ ಕಟ್ಟೆ ಒಂದು ಮೊಳ ಅಗಲ, ಬೆನ್ನ ಹಿಂದೆ ಲಾರಿಗಳ ಸಾಲು. ಒಂದೊಂದು ಟ್ಯಾಂಕರ್ ಹೋದಾಗಲೂ ಇಡೀ ಸೇತುವೆ ಜುಮ್ಮೆಂದು ನಡುಗುತ್ತಿತ್ತು. ಆ ನಡುಕ ಟ್ರೈಪಾಡಿನ ಕಾಲಿನಿಂದ ನನ್ನ ಕೈಗೆ ಬರುತ್ತಿತ್ತು. ಲಾರಿಗಳ ನಡುವೆ ನಾಲ್ಕು ಸೆಕೆಂಡಿನ ಬಿಡುವು ಸಿಗಲೇ ಇಲ್ಲ. ಪರೀಕ್ಷೆಗೆಂದು ಆರು ಫೋಟೊ ತೆಗೆದೆ. ಆರರಲ್ಲೂ ಮನೆಗೆ ಎರಡೆರಡು ಅಂಚು. ಅದಕ್ಕಿಂತ ಮುಖ್ಯ, ಮನೆಯ ಮಾಡು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಅದು ಗಿಡುಗ ನೋಡುವ ಮನೆ.

ಅಲ್ಲಿಂದಲೇ ಯಜಮಾನನಿಗೆ ಫೋನ್ ಮಾಡಿ ಅಳುವ ಸ್ವರದಲ್ಲಿ ಎಲ್ಲ ಹೇಳಿದೆ. ಅವನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

"ಅಕ್ಕ, ತಲೆಬಿಸಿ ಮಾಡ್ಬೇಡಿ. ಮೊನ್ನೆ ದಿಣ್ಣೆಯಿಂದ ತೆಗೆದದ್ದು ಉಂಟಲ್ಲ, ಅದಕ್ಕೆ ಕಂಪ್ಯೂಟರಲ್ಲಿ ಲೈಟ್ ಹಾಕುವ. ಯಾರಿಗೆ ಗೊತ್ತಾಗ್ತದೆ?"

"ಅವರಿಗೆ ಗೊತ್ತಾಗ್ತದೆ," ಎಂದೆ.

"ಮಲಗಿದಲ್ಲೇ ಇರುವವರಿಗೆ ಎಂತ ಗೊತ್ತಾಗ್ತದೆ ಅಕ್ಕ?"

ಅವನು ಹೇಳಿದ್ದು ಸುಲಭ, ಮತ್ತು ಆ ಹೊತ್ತಿನಲ್ಲಿ ನನಗೆ ಅದು ಬೇಕೂ ಆಗಿತ್ತು. ರಿಕ್ಷಾದಲ್ಲಿ ಹಿಂದೆ ಬರುವಾಗ ಹೌದೆನ್ನಲು ಎರಡು ಸಲ ಫೋನ್ ಕೈಗೆತ್ತಿಕೊಂಡೆ. ಆದರೆ ನಾನು ಕೊಡುತ್ತೇನೆ ಎಂದದ್ದು ಈ ಸಂಜೆಯ ಮನೆಯನ್ನು. ಐದು ದಿನ ಹಿಂದಿನ ಮನೆಗೆ ಸುಳ್ಳು ದೀಪ ಹಾಕಿ, ನಿಮ್ಮ ಮಗಳ ಮದರಂಗಿ ಹೀಗಿತ್ತು ಎಂದು ಆ ಮನುಷ್ಯನ ಎಡಗೈಗೆ ಇಡುವುದನ್ನು ನೆನೆಸಿ ಎರಡು ಸಲವೂ ಫೋನ್ ಕೆಳಗಿಟ್ಟೆ.

ಆರೂ ಮೂವತ್ತೈದು. ಸೂರ್ಯ ಮುಳುಗಿಯಾಗಿತ್ತು. ಮರುವಾಯಿಯ ಹೆಂಗಸು ಸೀರೆ ಎತ್ತಿ ಕಟ್ಟಿ ದೋಣಿ ಬಿಚ್ಚಿ ಕಾಯುತ್ತಿದ್ದಳು. ನಾನು ಕೇಳಿರಲಿಲ್ಲ. ಹೊಳೆಯ ನಡುವೆ ಹೋಗಿ ದೋಣಿಯಲ್ಲೇ ಟ್ರೈಪಾಡ್ ಇಟ್ಟು ತೆಗೆದೆ. ದೋಣಿ ಉಸಿರಾಡುತ್ತಲೇ ಇರುತ್ತದೆ. ದೀಪಗಳೆಲ್ಲ ಹುಳಗಳ ಹಾಗೆ ಸೊಟ್ಟಗೆ ಹರಿದಾಡಿದವು. ಕಡಿಮೆ ಬೆಳಕಿನಲ್ಲೂ ಬೇಗ ತೆಗೆಯಲಾಗುವಂತೆ ಐಎಸ್ಒ ಏರಿಸಿ ಕೈಯಲ್ಲೇ ಹಿಡಿದು ತೆಗೆದೆ. ಮರಳು ಎರಚಿದ ಹಾಗೆ ಇಡೀ ಫೋಟೊದಲ್ಲಿ ಕಾಳು ಕಾಳು. ಆಕಾಶ ನೀಲಿಗೆ ತಿರುಗುತ್ತಿತ್ತು. ನನ್ನ ಕೈಯಲ್ಲಿ ಏನೂ ಇರಲಿಲ್ಲ. ದೋಣಿಯಲ್ಲಿ ಕುಸಿದು ಕೂತೆ.

ಪಕ್ಕದಲ್ಲಿ ಗೂಟದ ತುದಿ ನೀರನ್ನು ಸೀಳುತ್ತ ನಿಂತಿತ್ತು. ಒಂದು ಗೇಣಿದ್ದದ್ದು ಈಗ ಎರಡು ಗೇಣು. ಅದನ್ನು ನೋಡಿ ಕೇಳಿದೆ, ಇಲ್ಲಿ ಎಷ್ಟು ನೀರು ಎಂದು. ಕೇಳಬೇಕಾದವಳನ್ನು ಐದು ದಿನ ತಡವಾಗಿ ಕೇಳಿದೆ.

"ನನಗೆ ಎದೆವರೆಗೆ. ನಿಮಗೆ ಸ್ವಲ್ಪ ಹೆಚ್ಚು."

ಟ್ರೈಪಾಡಿನ ಕಾಲು ಪೂರ್ತಿ ಎಳೆದರೆ ನನ್ನ ಹಣೆಯವರೆಗೆ ಬರುತ್ತದೆ. ಲೆಕ್ಕ ಅಷ್ಟೇ. ಫೋನ್ ದೋಣಿಯಲ್ಲಿಟ್ಟು, ಚಪ್ಪಲಿ ಬಿಟ್ಟು, ಅಂಚು ಹಿಡಿದು ಇಳಿದೆ. ನನಗೆ ಈಜು ಬರುವುದಿಲ್ಲ. ನೀರು ತೊಡೆ, ಸೊಂಟ, ಎದೆ ಏರಿತು. ಕಾಲಡಿಯ ಮರಳು ಸಮುದ್ರದ ಕಡೆಗೆ ಸರಿಯುತ್ತಿತ್ತು. ಆ ಹೆಂಗಸೂ ಇಳಿದಳು, ಮದರಂಗಿಯ ಸೀರೆಯಲ್ಲೇ. ಟ್ರೈಪಾಡಿನ ಒಂದೊಂದು ಕಾಲನ್ನೂ ತನ್ನ ಪಾದದಿಂದ ಮರಳಿಗೆ ತುಳಿದು ಹೂತಳು. ಸೆಳವಿಗೆ ಅದು ಕಂಪಿಸಿದಾಗ ದೋಣಿಯ ಲಂಗರಿನ ಕಲ್ಲನ್ನು ತಂದು ನಡುವಿನ ಕಂಬಕ್ಕೆ ಬಿಗಿದಳು. ಕಂಪನ ನಿಂತಿತು. ಕ್ಯಾಮರಾ ನೀರಿನಿಂದ ಒಂದು ಗೇಣು ಮೇಲೆ. ದೋಣಿಯಲ್ಲಿ ಕೂತವನ ಕಣ್ಣಿಗಿಂತಲೂ ತಗ್ಗು. ಆದರೆ ಕಣ್ಣಿಟ್ಟು ನೋಡಿದೆ: ಮನೆ ಎದ್ದು ನಿಂತಿತ್ತು, ದೀಪಗಳು ನೀರಿನ ಮೇಲೆ ಉದ್ದಕ್ಕೆ ನನ್ನವರೆಗೆ ಬಂದಿದ್ದವು. ಮೂವತ್ತು ವರ್ಷ ಅವರು ಕಂಡದ್ದು ಇದನ್ನೇ.

ಕಿಟಕಿ ಕತ್ತಲಾಗಿತ್ತು.

ಉಳಿದ ಎಲ್ಲ ಕಿಟಕಿಗಳಲ್ಲೂ ಬೆಳಕು, ಅದೊಂದು ಕಪ್ಪು ಚೌಕ. ನೋಡಲು ಬಂದವರು ಒಬ್ಬೊಬ್ಬರಾಗಿ ಕೋಣೆಗೆ ಬಂದು ಅಯ್ಯೋ ಎನ್ನುವುದು ಸಾಕಾಗಿ, ನಿದ್ದೆ ಬಂದಿದೆ ಎಂದು ಹೇಳಿ ತಾಂಡೇಲರೇ ದೀಪ ಆರಿಸಲು ಹೇಳಿದ್ದರಂತೆ. ಅದು ನನಗೆ ತಿಳಿದದ್ದು ಆಮೇಲೆ. ಸ್ವಿಚ್ಚು ಅವರ ಕೈಗೆ ಎಟುಕುವುದಿಲ್ಲ. ಫೋನಿರುವ ದೋಣಿ, ಗೂಟಕ್ಕೆ ಕಟ್ಟಿದ ಹಗ್ಗದ ಉದ್ದಕ್ಕೂ, ಸೆಳವಿಗೆ ಎಂಟು ಹತ್ತು ಮಾರು ಆಚೆ ಸರಿದಿತ್ತು. ಟ್ರೈಪಾಡ್ ಬಿಟ್ಟು ಯಾರೂ ಕದಲುವ ಹಾಗಿರಲಿಲ್ಲ. ಚಪ್ಪರದಲ್ಲಿ ಸ್ಪೀಕರಿನ ಹಾಡು ಜೋರಾಗಿತ್ತು. ಆಕಾಶದ ನೀಲಿ ಗಟ್ಟಿಯಾಗುತ್ತಿತ್ತು. ಇನ್ನು ಮೂರು ನಿಮಿಷ, ಹೆಚ್ಚೆಂದರೆ ನಾಲ್ಕು.

"ಕರೀರಿ ಅಕ್ಕೆರೆ," ಎಂದಳು ಆಕೆ. "ನಾನು ಕಲ್ಲು ಹಿಡಿದಿದ್ದೇನೆ, ನನಗೆ ಮುಖ ಎತ್ಲಿಕ್ಕೆ ಆಗುದಿಲ್ಲ."

ನಿಮ್ಮ ಅಪ್ಪನನ್ನು ಆಟದಿಂದ ಕರೆಯಲೂ ನಾನು ಅಂಗಳದವರೆಗೆ ನಡೆದು ಹೋಗುತ್ತಿದ್ದವಳು. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಸಣ್ಣ ಬಿಡುವು ಬಂತು. ಆ ಬಿಡುವಿನಲ್ಲಿ ಕೂಗಿದೆ.

"ತಾಂಡೇಲರೇ, ದೀಪ!"

ಸ್ವರ ನನ್ನದೆನಿಸಲಿಲ್ಲ. ನೀರಿನ ಮೇಲೆ ಅದು ಎಲ್ಲಿಗೋ ಹೋಯಿತು. ಚಪ್ಪರದಲ್ಲಿ ಯಾರೂ ತಿರುಗಲಿಲ್ಲ. ಮತ್ತೆ ಹಾಡು ಶುರುವಾಯಿತು. ಕಿಟಕಿ ಹಾಗೆಯೇ ಇತ್ತು. ಇನ್ನು ಏನೂ ಆಗುವುದಿಲ್ಲವೆಂದು, ಆಕಾಶವಾದರೂ ಉಳಿಯಲಿ ಎಂದು ಬಟನ್ ಒತ್ತಿದೆ. ಒಂದು, ಎರಡು ಎಂದು ಎಣಿಸುವಾಗ ಆ ಕಪ್ಪು ಚೌಕದೊಳಗೆ ಒಂದು ಬೆಳಕು ಎದ್ದು, ಎಡದಿಂದ ಬಲಕ್ಕೆ ಕಮಾನಿನ ಹಾಗೆ ಹೋಗಿ, ಹಿಂದೆ ಬಂತು. ದೋಣಿಯವರು ಕತ್ತಲಲ್ಲಿ ಒಬ್ಬರಿಗೊಬ್ಬರು ಟಾರ್ಚು ಬೀಸಿ ಉತ್ತರ ಕೊಡುವ ಹಾಗೆ. ಮೂರು, ನಾಲ್ಕು. ಕ್ಯಾಮರಾದ ಕಣ್ಣು ಮುಚ್ಚಿದ ಸದ್ದು ಕೇಳಿತು.

ಇನ್ನೊಂದು ತೆಗೆಯಲು ಕೈ ಇಡುವಷ್ಟರಲ್ಲಿ ನನ್ನ ಕಾಲಡಿಯ ಮರಳು ಜಾರಿತು. ನಾನು ಬಿದ್ದದ್ದು ಟ್ರೈಪಾಡಿನ ಮೇಲೆ. ಕ್ಯಾಮರಾ ಮುಳುಗಿತು, ನಾನೂ ಮುಳುಗಿದೆ. ಬಾಯಿ ತುಂಬ ಉಪ್ಪು ನೀರು. ಆ ಹೆಂಗಸು ಒಂದು ಕೈಯಲ್ಲಿ ನನ್ನ ಜಡೆ, ಇನ್ನೊಂದರಲ್ಲಿ ಟ್ರೈಪಾಡ್ ಹಿಡಿದು ದೋಣಿಯವರೆಗೆ ಎಳೆದಳು. ಜಡೆ ಬಿಟ್ಟು ಮೊದಲು ಕ್ಯಾಮರಾ ಹಿಡಿಯಿರಿ ಎಂದು ನಾನು ಅಳುತ್ತಿದ್ದೆನಂತೆ. ಈಗಲೂ ಅದನ್ನು ಹೇಳಿ ನಗುತ್ತಾಳೆ.

ಫೋಟೊ ಬಂದಿದೆಯೋ ಇಲ್ಲವೋ ಮರುದಿನ ಬೆಳಿಗ್ಗೆಯವರೆಗೆ ತಿಳಿಯಲಿಲ್ಲ. ಕ್ಯಾಮರಾದ ಕಾರ್ಡನ್ನು ಒರೆಸಿ ಒಣಗಿಸಿ, ಹಾಲಿಗೆ ಹೊರಡುವ ಮೊದಲು ಸ್ಟುಡಿಯೊದಲ್ಲಿ ಯಜಮಾನ ಕಂಪ್ಯೂಟರಿಗೆ ಹಾಕಿದ. ಕೊನೆಯದು ತೆರೆದುಕೊಂಡಿತು. ಸ್ವಲ್ಪ ಎಡಕ್ಕೆ ವಾಲಿದೆ, ಅಷ್ಟೇ. ಅವನು ಅದನ್ನು ದೊಡ್ಡದು ಮಾಡಿ ಕಿಟಕಿಯವರೆಗೆ ನೋಡಿದ. ಆಮೇಲೆ, ವಾಲಿದ್ದನ್ನು ನೇರ ಮಾಡುತ್ತೇನೆ, ಕಿಟಕಿಯ ಆ ಗೆರೆಯನ್ನೂ ಅಳಿಸುತ್ತೇನೆ ಎಂದ. ಎರಡನ್ನೂ ಮುಟ್ಟಬೇಡ ಎಂದೆ.

ಮದುವೆ ಕಳೆದು ಒಂದು ವಾರಕ್ಕೆ ಪ್ರಿಂಟ್ ಹಿಡಿದುಕೊಂಡು ಹೋದೆ. ತಾಂಡೇಲರು ಅದನ್ನು ಎದೆಯ ಮೇಲೆ ನಿಲ್ಲಿಸಿ ಎಡಗೈಯಲ್ಲಿ ಹಿಡಿದು ನೋಡಿದರು. ಮೊದಲು ನೋಡಿದ್ದು ದೀಪಗಳನ್ನಲ್ಲ, ಮೆಟ್ಟಿಲುಗಳನ್ನು.

"ಮೂರು ಮೆಟ್ಟಿಲು ಮೇಲೆ ಉಂಟು, ನಾಲ್ಕು ಅಡಿಯಲ್ಲಿ," ಎಂದರು. "ಇಳಿಲಿಕ್ಕೆ ಸುರುವಾಗಿ ಒಂದೂವರೆ ಗಂಟೆ. ಆ ಹೊತ್ತಿಗೆ ದಿಣ್ಣೆಯ ಮೇಲೆ ಎದೆವರೆಗೆ ನೀರು." ಫೋಟೊದಿಂದ ಕಣ್ಣೆತ್ತಿದರು. "ಅಕ್ಕ, ನಿಮಗೆ ಈಜ್ಲಿಕ್ಕೆ ಬರ್ತದಾ?"

"ಇಲ್ಲ."

ಅವರು ಮತ್ತೆ ಫೋಟೊ ನೋಡಿದರು. ಯಜಮಾನ ಹೇಳಿದ ಹಾಗೆ ಹಳೆಯದಕ್ಕೆ ದೀಪ ಹಾಕಿ ತಂದಿದ್ದರೆ ಏಳು ಮೆಟ್ಟಿಲೂ ಒಣಗಿರುತ್ತಿದ್ದವು. ಅವರ ಹೆಬ್ಬೆರಳು ಕಿಟಕಿಯ ಗೆರೆಯ ಮೇಲೆ ಹೋಗಿ ನಿಂತಿತು.

"ಹೊಳೆಯಿಂದ ಕರೆದರೆ ಉತ್ತರ ಕೊಡದೆ ಇರ್ಲಿಕ್ಕಾಗ್ತದಾ," ಎಂದು ಗೋಡೆಯ ಕಡೆ ಮುಖ ಮಾಡಿದರು.

ಅವರ ಆಲ್ಬಮ್ಮಿನ ಮೊದಲ ಪುಟದಲ್ಲಿ ಅದೇ ಇದೆ. ಇನ್ನೊಂದು ಪ್ರಿಂಟ್ ನನ್ನ ಮಂಚದ ಮೇಲೆ. ಅಜ್ಜನ ಲೆನ್ಸ್ ಮತ್ತೆ ಸರಿಯಾಗಲಿಲ್ಲ. ಒಳಗೆ ಉಪ್ಪು ಹಿಡಿದು ಬಿಳಿ ಪೊರೆ ಬಂದಿದೆ. ಅಲ್ಮೇರಾದಲ್ಲಿ ನನ್ನ ಸೀರೆಗಳ ಹಿಂದೆ ಇಟ್ಟಿದ್ದೇನೆ. ಆಗಾಗ ತೆಗೆದು ನೋಡುತ್ತೇನೆ. ಅವರಿದ್ದಿದ್ದರೆ ಬೈಯುತ್ತಿದ್ದರೋ ಏನೋ, ಗೊತ್ತಿಲ್ಲ. ಒಂದು ಮಾತು ಮೊದಲೇ ಕೇಳಿದ್ದರೆ ಅದು ಉಳಿಯುತ್ತಿತ್ತು ಎಂಬುದು ಮಾತ್ರ ಗೊತ್ತು.

ಪ್ರಣಮ್, ಆ ಫೋಟೊದಲ್ಲಿ ಜನ ಇದ್ದಾರೆ. ಸಾನ್ವಿ, ಅದು ಹಾಳಾದ ಪ್ರಿಂಟ್ ಅಲ್ಲ. ಮುಂದಿನ ಸಲ ಬಂದಾಗ ಕುರ್ಚಿ ಹತ್ತಿ ಹತ್ತಿರದಿಂದ ನೋಡಿ. ನೋಡಿಯಾದ ಮೇಲೆ ಫ್ರೇಮಿನ ಹಿಂದಿನ ಹಲಗೆ ಬಿಚ್ಚಿ, ಈ ಹಾಳೆಗಳನ್ನು ಮಡಚಿ ಅದರೊಳಗೆ ಇಟ್ಟುಬಿಡಿ. ಈ ಮನೆ ಮುಂದೆ ಯಾರ ಪಾಲಿಗೆ ಬಂದರೂ ಫೋಟೊ ಮತ್ತು ಹಾಳೆ ಬೇರೆ ಬೇರೆಯಾಗದ ಹಾಗೆ ನೋಡಿಕೊಳ್ಳಿ. ಮಳೆಗಾಲದಲ್ಲಿ ಆ ಗೋಡೆಗೆ ಪಸೆ ಬರುತ್ತದೆ. ಜೂನ್ ಬರುವ ಮೊದಲು ಇಳಿಸಿ ಒಳಗಿಡಿ.